ಸೌಟಕ್ಕ ಮಾಡಿದ ಪರೀಕ್ಷೆ

ಎದುರಿಗೆ ಎಲ್ಲರಿಗೂ ಅವಳು ಅಕ್ಕ. ಬೆನ್ನ ಹಿಂದೆ ಸೌಟಕ್ಕ. ಬಾಗಿಲು ತೆಗೆಯಲು ಬಂದರೂ ಕೈಯಲ್ಲಿ ಸೌಟು, ಫೋನು ಎತ್ತಿದರೂ ಸೌಟು, ಯಾರನ್ನಾದರೂ ಬೈಯುವಾಗ ಬೆರಳು ತೋರಿಸುವ ಬದಲು ಸೌಟೇ ತೋರಿಸುವುದು. ಈ ಹೆಸರು ಅವಳ ಕಿವಿಗೆ ಬಿದ್ದಿಲ್ಲ ಅಂದುಕೊಂಡವರು ಶುದ್ಧ ಪೆದ್ದರು. ಬಿದ್ದಿತ್ತು, ಒಳಗೊಳಗೇ ಖುಷಿಯೂ ಆಗಿತ್ತು. ಕತ್ತಿ ಹಿಡಿದವರಿಗೆ ಹೆದರುವ ಜನ ಸೌಟು ಹಿಡಿದವರಿಗೂ ಅಷ್ಟೇ ಹೆದರಬೇಕು ಅನ್ನುವುದು ಅವಳ ಮತ.

ಪರದೇಶಕ್ಕೆ ಬಂದ ಹೊಸದರಲ್ಲಿ ಅವಳಿಗೆ ಸಿಕ್ಕಿದ್ದು ಹೋಟೆಲೊಂದರ ಕಕ್ಕಸು ತೊಳೆಯುವ ಕೆಲಸ. ಅಲ್ಲಿಯ ಭಾಷೆ ಬಾರದು. ಮೇಲ್ವಿಚಾರಕಿ ಅವಳ ಹೆಸರು ಕಲಿಯುವ ಗೊಡವೆಗೇ ಹೋಗದೆ ಚಿಟಿಕೆ ಹೊಡೆದು ಕರೆಯುತ್ತಿದ್ದಳು. ಗಂಡ ಲಿಫ್ಟ್ ರಿಪೇರಿಯವನು, ದೊಡ್ಡ ದೊಡ್ಡ ಕಟ್ಟಡಗಳ ಗುಂಡಿಗಿಳಿದು ಮೈಗೆಲ್ಲ ಗ್ರೀಸು ಮೆತ್ತಿಕೊಂಡು ಬರುವವನು, ಮಾತು ಕಡಿಮೆ. ಒಮ್ಮೆ ಅವನ ಜೊತೆ ಕೆಲಸದವನೊಬ್ಬ ಜ್ವರ ಬಂದು ಮಲಗಿದಾಗ ಇವಳು ಡಬ್ಬಿಯಲ್ಲಿ ಅನ್ನ, ಬೇಳೆ ಕಳಿಸಿದಳು. ಜ್ವರ ಬಿಟ್ಟ ಮೇಲೂ ಅವನು ಡಬ್ಬಿ ಬಿಡಲಿಲ್ಲ, ತಿಂಗಳಿಗಿಷ್ಟು ಅಂತ ದುಡ್ಡು ಕೊಡತೊಡಗಿದ. ಅವನ ಹಿಂದೆ ಇನ್ನೊಬ್ಬ ಬಂದ, ಅವನ ಬಾಲ ಹಿಡಿದು ಇನ್ನಿಬ್ಬರು ಬಂದರು. ನೋಡನೋಡುತ್ತ ನಾಲ್ಕನೇ ಮಹಡಿಯ ಆ ಮನೆಯ ಮುಂದಿನ ಕೋಣೆಗೆ ಎರಡು ಉದ್ದನೆಯ ಮೇಜು ಬಂದವು, ಗಂಡ ಹೆಂಡಿರ ಮಂಚ ಅಡುಗೆಮನೆ ಪಕ್ಕದ ಗೂಡಿಗೆ ಹೋಯಿತು, ಸಂಜೆಯಾದರೆ ಬಾಗಿಲ ಹೊರಗೆ ಚಪ್ಪಲಿ ಬೂಟುಗಳ ರಾಶಿ. ಕಕ್ಕಸಿನ ಕೆಲಸಕ್ಕೆ ಹೋಗುವುದನ್ನು ಅವಳು ಯಾರಿಗೂ ಒಂದು ಮಾತು ಹೇಳದೆ ನಿಲ್ಲಿಸಿದಳು.

ಹೆಸರಿಲ್ಲದವಳು ಹೀಗೆ ಊರಿಗೆಲ್ಲ ಅಕ್ಕ ಆದಳು. ಅವಳ ಮಾನ ಮರ್ಯಾದೆಯೆಲ್ಲ ಇದ್ದದ್ದು ಆ ಎರಡು ಮೇಜಿನ ಮೇಲೆ. ಟ್ಯಾಕ್ಸಿ ಓಡಿಸುವವನು, ಮನೆಗಳಿಗೆ ಬಣ್ಣ ಹೊಡೆಯುವವರು, ಆಸ್ಪತ್ರೆಯಲ್ಲಿ ಗಾಲಿಕುರ್ಚಿ ತಳ್ಳುವ ಹುಡುಗಿಯರು, ಎಲ್ಲರೂ ನಮ್ಮ ಮಾತಾಡುವವರೇ, ಎಲ್ಲರೂ ಅವಳ ಕೈಯೂಟದವರೇ. ಬಡಿಸಿದ್ದನ್ನು ಬೇಡ ಅನ್ನುವಂತಿಲ್ಲ. ತಟ್ಟೆಯಲ್ಲಿ ಏನಾದರೂ ಉಳಿಸಿ ಎದ್ದರೆ, ಏನಪ್ಪ, ನಿಮ್ಮಮ್ಮ ಇದಕ್ಕಿಂತ ರುಚಿಯಾಗಿ ಮಾಡ್ತಿದ್ದಳೇನು ಅಂತ ಎಲ್ಲರೆದುರು ನೀರಿಳಿಸಿಬಿಡುವಳು. ಒಬ್ಬನಿಗೆ ಮಾತ್ರ ವಿನಾಯಿತಿ. ಗೋದಾಮಿನ ಕಾವಲು ಕಾಯುವ ಮುದುಕ ಒಬ್ಬನಿದ್ದ, ಎಲ್ಲರೂ ದೊಡ್ಡಪ್ಪ ಅನ್ನುತ್ತಿದ್ದರು. ಹುಟ್ಟಿದಾಗಿನಿಂದ ಮಾಂಸ ಮುಟ್ಟಿದವನಲ್ಲ. ಅವನಿಗೆ ಬೇರೆ ಪಾತ್ರೆ, ಬೇರೆ ಸೌಟು. ಅವನು ಯಾವತ್ತೂ ಅಡುಗೆಮನೆಗೆ ಇಣುಕಿ ನೋಡಿದವನಲ್ಲ. ಇವಳ ಮಾತೇ ಅವನಿಗೆ ಸಾಕಾಗಿತ್ತು.

ಇಂಥ ಮನೆಗೆ ಬಂದಳು ನಾದಿನಿ, ಗಂಡನ ತಂಗಿ. ಅದೇ ದೇಶದ ಇನ್ನೊಂದು ಊರಿನಲ್ಲಿ ಕೆಲಸಕ್ಕಿದ್ದವಳು, ಇಲ್ಲಿ ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರದ ಕೆಲಸ ಸಿಕ್ಕಿತೆಂದು ಬಂದಳು. ಕೋಣೆ ಸಿಗುವ ತನಕ ಅಣ್ಣನ ಮನೆ. ಚಿಕ್ಕಂದಿನಿಂದಲೂ ಕಡ್ಡಿಯಂಥ ಹುಡುಗಿ, ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ದೃಷ್ಟಿ ತೆಗೆದದ್ದಾಯಿತು, ಜಂತುಹುಳಕ್ಕೆ ಔಷಧಿ ಕುಡಿಸಿದ್ದಾಯಿತು. ಕೊನೆಗೆ ಈ ದೇಶದ ವೈದ್ಯರು ಗಂಟಲಿನಿಂದ ಕೊಳವೆ ಇಳಿಸಿ ನೋಡಿ, ಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಅಂಟು ನಿನ್ನ ಕರುಳನ್ನು ಕೆಡಿಸುತ್ತಿದೆ, ಬದುಕಿರುವ ತನಕ ಗೋಧಿ, ಬಾರ್ಲಿ ಒಂದು ಕಣವೂ ಕೂಡದು ಅಂದರು. ಬಿಟ್ಟ ಮೇಲೆ ಅವಳ ಕೆನ್ನೆಗೆ ಮೊದಲ ಸಲ ಬಣ್ಣ ಬಂದಿತ್ತು.

ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಮೇಲೆ ಒಂದು ಬಾಣಲೆ, ಒಂದು ಬಸಿಯುವ ಜಾಲರಿ, ತರಕಾರಿ ಹೆಚ್ಚುವ ಮಣೆ. ಮೂರಕ್ಕೂ ಹಿಡಿಕೆಗೆ ಕೆಂಪು ಟೇಪು. ಪರ್ಸಿನಲ್ಲಿ ಈ ದೇಶದ ಭಾಷೆಯಲ್ಲಿ ಬರೆಸಿದ ಒಂದು ಚೀಟಿ. ಹೋಟೆಲಿಗೆ ಹೋದರೆ ತೋರಿಸುವುದಕ್ಕೆ, ನನಗೆ ಇಂತಿಂಥದ್ದು ಆಗದು, ಗೋಧಿ ತಿಂಡಿ ಕರಿದ ಎಣ್ಣೆಯಲ್ಲಿ ಕರಿದದ್ದೂ ಆಗದು ಅಂತ. ಬಂದ ಸಂಜೆಯೇ, ಮೇಜಿನ ತುಂಬ ಜನ ಕೂತಿರುವಾಗ, ಸೌಟಕ್ಕ ಬಿಸಿ ಗ್ರೇವಿ ಹಾಕಲು ಬಂದರೆ ಆ ಹುಡುಗಿ ತಟ್ಟೆಗೆ ಕೈ ಅಡ್ಡ ಹಿಡಿದು, ಅತ್ತಿಗೆ, ಇದರಲ್ಲಿ ಏನೇನು ಹಾಕಿದ್ದೀರಾ ಅಂತ ಕೇಳಿದಳು. ಮೆತ್ತಗೇ ಕೇಳಿದಳು. ಆದರೆ ಕೇಳಿದಳು.

ಸೌಟಕ್ಕನ ಗ್ರೇವಿ ಗಟ್ಟಿಯಾಗುತ್ತಿದ್ದದ್ದೇ ಹುರಿದ ಗೋಧಿಹಿಟ್ಟಿನಿಂದ. ಅದು ಅವಳ ಕೈಚಳಕ, ಯಾರಿಗೂ ಹೇಳಿದವಳಲ್ಲ. ಈಗ ಅಷ್ಟು ಜನರೆದುರು ಬಾಯಿ ಬಿಡಬೇಕಾಯಿತು. ಟ್ಯಾಕ್ಸಿಯವನು ತನ್ನ ಹಲ್ಲು ಕಿರಿಯುವ ಚಾಳಿಗೆ ತಕ್ಕಂತೆ, ಅಕ್ಕನ ಅಡುಗೆಯನ್ನ ಬೇಡ ಅನ್ನೋ ಗಂಡೆದೆ ಕೊನೆಗೂ ಒಂದು ಹೆಣ್ಣಿಗೆ ಬಂತಪ್ಪ ಅಂದ. ಎಲ್ಲರೂ ನಕ್ಕರು. ಸೌಟಕ್ಕನೂ ನಕ್ಕಳು. ಒಳಗೆ ಒಲೆ ಹತ್ತಿಕೊಂಡಿತು.

ಅವತ್ತಿನಿಂದ ಯುದ್ಧ. ನಾದಿನಿಗೆಂದು ಚಿಕ್ಕ ಪಾತ್ರೆಯಲ್ಲಿ ಬೇಳೆ ಬೇರೆ ಬೇಯಿಸಬೇಕು, ಅದಕ್ಕೆ ಬೇರೆ ಸೌಟು. ಬೇಯಿಸುತ್ತಿದ್ದಳು, ಬಾಯಿಗೆ ಮಾತ್ರ ಬಿಡುವಿಲ್ಲ. ಮಡಿ ಮೈಲಿಗೆ ಎಲ್ಲ ಬಿಟ್ಟು ಸಮುದ್ರ ದಾಟಿ ಬಂದರೆ ಇಲ್ಲೊಬ್ಬಳು ಹೊಸ ಮಡಿ ಕಟ್ಟಿಕೊಂಡು ಬಂದಿದ್ದಾಳೆ ಅನ್ನುವಳು. ಗೋಧಿ ತಿಂದು ಸತ್ತವರನ್ನ ಯಾರಾದ್ರೂ ನೋಡಿದೀರಾ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಮೈಬಗ್ಗಿಸಲಾರದವಳು ಹೊಟ್ಟೆ ಸರಿಯಿಲ್ಲ ಅಂತಾಳೆ ಅನ್ನುವಳು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ದಿನಕ್ಕೊಮ್ಮೆಯಾದರೂ ಹೇಳುವಳು. ಅದರ ಇನ್ನೊಂದು ಅರ್ಧ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುವುದು, ಅವಳಿಗೆ ಯಾಕೋ ನೆನಪಾಗುತ್ತಲೇ ಇರಲಿಲ್ಲ.

ಗಂಡ ಪಾಪ, ಅಡಕತ್ತರಿಯಲ್ಲಿ ಸಿಕ್ಕ ಹಾಗೆ ಸಿಕ್ಕಿದ್ದ. ತಂಗಿಯ ಪರ ಒಂದು ಮಾತಾಡಿದರೆ ಹೆಂಡತಿ ಎರಡು ಹೊತ್ತು ಮುಖ ಊದಿಸುವಳು. ಹಾಗಾಗಿ ಅವನು ಲಿಫ್ಟಿನ ಗುಂಡಿಯಲ್ಲೇ ಹೆಚ್ಚು ಹೊತ್ತು ಕಳೆಯತೊಡಗಿದ.

ಜಾಲರಿಯ ಜಗಳ ಆಮೇಲಿನದು. ಒಂದು ಮಧ್ಯಾಹ್ನ ಅವಸರದಲ್ಲಿ ಸೌಟಕ್ಕ ಗೋಧಿ ನೂಡಲ್ಸ್ ಬಸಿಯಲು ಕೈಗೆ ಸಿಕ್ಕಿದ ಜಾಲರಿ ಎತ್ತಿಕೊಂಡಳು. ಅದು ಕೆಂಪು ಟೇಪಿನದು. ಬೇಕೆಂದೇ ಮಾಡಿದಳೋ, ಮರೆತು ಮಾಡಿದಳೋ, ಅವಳನ್ನೇ ಕೇಳಿದರೂ ಸರಿಯಾಗಿ ಹೇಳುತ್ತಿರಲಿಲ್ಲ. ನಾದಿನಿ ಆ ಜಾಲರಿಯನ್ನು ಎರಡು ಬೆರಳಲ್ಲಿ ಹಿಡಿದು ಕಸದ ಬುಟ್ಟಿಗೆ ಹಾಕಿ, ಅಂಗಡಿಗೆ ಹೋಗಿ ಹೊಸದು ತಂದಳು. ಸಣ್ಣ ತೂತುಗಳಲ್ಲಿ ಸಿಕ್ಕಿಕೊಂಡದ್ದು ಎಷ್ಟು ತಿಕ್ಕಿದರೂ ಹೋಗುವುದಿಲ್ಲ ಅನ್ನುವುದು ಅವಳ ಲೆಕ್ಕ. ನನ್ನ ಕೈ ತಗುಲಿದ್ದಕ್ಕೆ ಬಿಸಾಕಿದಳು ಅನ್ನುವುದು ಇವಳ ಲೆಕ್ಕ. ಜಗಳ ಆಡಿದ್ದರೆ ಸೌಟಕ್ಕ ಗೆದ್ದೋ ಸೋತೋ ತಣ್ಣಗಾಗುತ್ತಿದ್ದಳು. ಆ ಹುಡುಗಿ ಜಗಳಕ್ಕೂ ಸಿಗಲಿಲ್ಲ. ಇರು, ನಿನ್ನ ಬಂಡವಾಳ ಬಯಲು ಮಾಡ್ತೀನಿ ಅಂತ ಸೌಟಕ್ಕ ಅವತ್ತೇ ತೀರ್ಮಾನಿಸಿದಳು.

ಬಯಲು ಮಾಡುವ ದಾರಿ ಅವಳ ಕೈಯಲ್ಲೇ ಇತ್ತಲ್ಲ. ಮರುದಿನ ಎಣ್ಣೆಯಲ್ಲಿ ಒಂದು ಚಮಚ ಗೋಧಿಹಿಟ್ಟನ್ನು ಹಸಿ ವಾಸನೆ ಹೋಗುವಂತೆ ಹುರಿದು ನಾದಿನಿಯ ಚಿಕ್ಕ ಪಾತ್ರೆಯ ಬೇಳೆಗೆ ಕದಡಿದಳು. ಕೊಲ್ಲುವ ಮನಸ್ಸೇನೂ ಅವಳಿಗಿರಲಿಲ್ಲ, ಅದನ್ನೂ ಹೇಳಿಬಿಡಬೇಕು. ಇದು ಬರೀ ನಾಟಕ ಅಂತ ಅವಳು ಎದೆ ಮುಟ್ಟಿ ನಂಬಿದ್ದಳು, ನಂಬಿದವರು ಮಾಡುವ ಅನಾಹುತವೇ ದೊಡ್ಡದು. ನಾದಿನಿ ಅನ್ನಕ್ಕೆ ಬೇಳೆ ಕಲಸಿಕೊಂಡು ಉಂಡಳು, ಇವತ್ತು ಬೇಳೆ ತುಂಬ ಚೆನ್ನಾಗಿದೆ ಅತ್ತಿಗೆ ಅಂದಳು. ಬಂದಾಗಿನಿಂದ ಅವಳು ಹಾಗೆ ಹೊಗಳಿದ್ದು ಅದೇ ಮೊದಲು. ಬೆಳಿಗ್ಗೆ ಎದ್ದು ಎಂದಿನಂತೆ ಕೆಲಸಕ್ಕೆ ಹೋದಳು. ಸೌಟಕ್ಕ ಬಾಲ್ಕನಿಯಿಂದ ಬಗ್ಗಿ, ಅವಳು ಬಸ್ಸು ಹತ್ತುವವರೆಗೂ ನೋಡಿದಳು. ನೆಟ್ಟಗೇ ನಡೆಯುತ್ತಿದ್ದಳು. ಆ ದಿನ ಸಂಜೆ ಚಮಚ ಎರಡಾಯಿತು.

ಹೀಗೇ ನಡೆಯಿತು. ಬೆಳಗಿನ ಹೊತ್ತು ನಾದಿನಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಇರುತ್ತಿದ್ದಳು. ನೀರು ದಂಡ ಮಾಡ್ತಾಳೆ ಅಂತ ಸೌಟಕ್ಕ ಬಾಗಿಲು ಬಡಿಯುತ್ತಿದ್ದಳು. ಮುಖ ಸಪ್ಪಗಾದದ್ದು ಕಂಡರೆ ಲಾಂಡ್ರಿಯ ಬಿಸಿ ಅಂದುಕೊಂಡಳು. ಕಂಡದ್ದಕ್ಕೆಲ್ಲ ಅವಳ ಹತ್ತಿರ ಒಂದೊಂದು ಉತ್ತರ ಇತ್ತು.

ಆ ಭಾನುವಾರ ಮಧ್ಯಾಹ್ನ ಎರಡು ಮೇಜೂ ಭರ್ತಿ. ಟ್ಯಾಕ್ಸಿಯವನಿಗೆ ಹೆಣ್ಣುಮಗು ಹುಟ್ಟಿತ್ತು, ದೊಡ್ಡ ಕೇಕು ತಂದಿದ್ದ. ಎಲ್ಲರಿಗೂ ತುಂಡು ಹಂಚುತ್ತ ಬಂದು ನಾದಿನಿಯ ಮುಂದೆ ನಿಂತ. ಅವಳು ಕೈಮುಗಿದು, ನನಗೆ ಆಗೋದಿಲ್ಲ ಅಣ್ಣ, ಬೇಜಾರು ಮಾಡ್ಕೋಬೇಡಿ, ಮಗು ಚೆನ್ನಾಗಿರ್ಲಿ ಅಂದಳು. ಅವನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಬೇಜಾರಾದದ್ದು ಬಾಗಿಲ ಹತ್ತಿರ ನಿಂತಿದ್ದ ಸೌಟಕ್ಕನಿಗೆ. ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡ ಗೆಲುವು ಇನ್ನು ಒಳಗೆ ನಿಲ್ಲದಾಯಿತು.

"ತಿನ್ನು, ಏನೂ ಆಗಲ್ಲ," ಅಂದಳು. "ದಿನಾ ತಿಂತಾನೇ ಇದೀಯ. ನಿನ್ನ ಬೇಳೆಗೆ ನಾನೇ ಹಿಟ್ಟು ಹಾಕ್ತಾ ಇದೀನಿ. ಏನಾಯ್ತು ಹೇಳು? ಬಸ್ಸು ಹತ್ತಿ ಕೆಲಸಕ್ಕೆ ಹೋಗ್ತಿದೀಯಲ್ಲ?"

ಮೊದಲು ಒಂದಿಬ್ಬರು ನಕ್ಕರು. ಸೌಟಕ್ಕ ಸೊಂಟದ ಮೇಲೆ ಕೈಯಿಟ್ಟು ಎಲ್ಲರ ಮುಖ ನೋಡಿದಳು, ಹೇಗೆ ಹಿಡಿದೆ ನೋಡಿ ಅನ್ನುವ ಹಾಗೆ. ನಾದಿನಿ ಬಾಯಿಗೆ ಹೋಗುತ್ತಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು. ಅಳಲಿಲ್ಲ. ಅಣ್ಣನ ಕಡೆ ನೋಡಿದಳು, ಅವನು ತಲೆ ತಗ್ಗಿಸಿದ. ಆಮೇಲೆ ಅವಳು ಯಾರಿಗೋ ದಾರಿ ಹೇಳುವವಳಂತೆ ನಿಧಾನವಾಗಿ ಹೇಳಿದಳು. ಬೆಳಿಗ್ಗೆ ಬಚ್ಚಲಲ್ಲಿ ವಾಂತಿ ಮಾಡುವಾಗ ಸದ್ದು ಕೇಳಬಾರದು ಅಂತ ನಲ್ಲಿ ಬಿಡುತ್ತಿದ್ದಳಂತೆ. ಕೆಲಸದಲ್ಲಿ ಎರಡು ಸಲ ಯಂತ್ರದ ಮುಂದೆಯೇ ಕುಸಿದು ಕೂತಳಂತೆ, ಇನ್ನೊಮ್ಮೆ ಹೀಗಾದರೆ ಬರಬೇಡ ಅಂದಿದ್ದಾರಂತೆ. ಯಾವುದರಿಂದ ಹೀಗಾಗುತ್ತಿದೆ ಅಂತ ತಿಳಿಯದೆ ಕ್ಯಾಂಟೀನಿನ ಅನ್ನ ಬಿಟ್ಟಳು, ಅಂಗಡಿಯ ಮೊಸರು ಬಿಟ್ಟಳು, ಕೊನೆಗೆ ಚಹಾವನ್ನೂ ಬಿಟ್ಟಳು.

"ಎಲ್ಲಾ ಬಿಟ್ಟು ಬರೀ ನಿಮ್ಮ ಬೇಳೆ ತಿಂತಿದ್ದೆ ಅತ್ತಿಗೆ. ಅದೊಂದೇ ನಂಬಿಕೆ ಇದ್ದಿದ್ದು. ಹೇಳಿದ್ರೆ ನಾಟಕ ಅಂತೀರಾ ಅಂತ ಹೇಳಲಿಲ್ಲ."

ಇದಕ್ಕೂ ಸೌಟಕ್ಕನ ಬಾಯಲ್ಲಿ ಉತ್ತರ ಸಿದ್ಧವಾಗುತ್ತಿತ್ತು. ಅಷ್ಟರಲ್ಲಿ ಎರಡನೇ ಮೇಜಿನ ಮೂಲೆಯಲ್ಲಿ ದೊಡ್ಡಪ್ಪ ತನ್ನ ತಟ್ಟೆಯನ್ನು ಮುಂದಕ್ಕೆ ಸರಿಸಿದ. ಅರ್ಧ ಉಂಡಿದ್ದ.

"ಅವಳು ಬೇಡ ಅಂದಿದ್ದನ್ನ ಅವಳ ತಟ್ಟೆಗೆ ಹಾಕಿದೀಯ," ಅಂದ. "ನಾನು ಬೇಡ ಅಂದಿದ್ದನ್ನ ಏನು ಮಾಡಿದೀಯ ತಾಯಿ?"

ಸೌಟಕ್ಕನಿಗೆ ಸಿಡಿಲು ಬಡಿದಂತಾಯಿತು. ಅವನ ಪಾತ್ರೆಗೆ ಅವಳು ಯಾವತ್ತೂ ತಪ್ಪಿಯೂ ಬೇರೆ ಸೌಟು ಅದ್ದಿದವಳಲ್ಲ. ಆಣೆ ಹಾಕಿದಳು, ಬೈದಳು, ದೊಡ್ಡಪ್ಪ ಅನ್ನುವ ಮರ್ಯಾದೆ ಬಿಟ್ಟು ಮುದಿಗೊಡ್ಡು ಅಂತಲೂ ಅಂದಳು. ಅವನು ಎದ್ದು ಕೈ ತೊಳೆದು, ಬೂಟುಗಳ ರಾಶಿಯಲ್ಲಿ ತನ್ನದನ್ನು ಹುಡುಕಿ ಹಾಕಿಕೊಂಡು ಹೋದ. ಲಿಫ್ಟು ಕೆಳಗಿಳಿಯುವ ಸದ್ದು ಎಲ್ಲರಿಗೂ ಕೇಳಿಸಿತು. ಉಳಿದವರ ಕೈಗಳು ತಟ್ಟೆಯ ಮೇಲೆ ನಿಂತಿದ್ದವು. ಅವತ್ತು ಎಲ್ಲರ ತಟ್ಟೆಯಲ್ಲೂ ಅನ್ನ ಉಳಿಯಿತು, ಸೌಟಕ್ಕ ಯಾರ ನೀರನ್ನೂ ಇಳಿಸಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ನಾದಿನಿ ಮರುದಿನವೇ ಬಾಣಲೆ, ಜಾಲರಿ, ಮಣೆ ಪೆಟ್ಟಿಗೆಗೆ ಹಾಕಿಕೊಂಡು ಲಾಂಡ್ರಿಯ ಜೊತೆಗಾರ್ತಿಯೊಬ್ಬಳ ಕೋಣೆಗೆ ಹೋದಳು. ಅವಳ ಹಿಂದೆ ಮೇಜುಗಳು ತೆಳುವಾಗತೊಡಗಿದವು. ಬಣ್ಣದವರಿಗೆ ಇದ್ದಕ್ಕಿದ್ದಂತೆ ದೂರದ ಬಡಾವಣೆಯಲ್ಲಿ ಕೆಲಸ ಬಂತು. ಆಸ್ಪತ್ರೆಯ ಹುಡುಗಿಯರು ತೂಕ ಇಳಿಸಬೇಕೆಂದು ಊಟ ಬಿಟ್ಟರಂತೆ. ಸುಳ್ಳು ಹೇಳುವುದನ್ನೂ ಸರಿಯಾಗಿ ಕಲಿಯದ ಹುಡುಗಿಯರು, ಅವರು ಕೆಳಗಿನ ರಸ್ತೆಯ ಅಂಗಡಿಯಲ್ಲಿ ನಿಂತು ಬನ್ನು ತಿನ್ನುವುದು ಬಾಲ್ಕನಿಗೇ ಕಾಣುತ್ತಿತ್ತು. ಟ್ಯಾಕ್ಸಿಯವನು ಬರುತ್ತಿದ್ದ. ಬಂದು, ಬಡಿಸಿದ್ದನ್ನು ಚಮಚದ ತುದಿಯಿಂದ ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿ ಆಮೇಲೆ ಉಣ್ಣುತ್ತಿದ್ದ. ಬಾರದವರಿಗಿಂತ ಅವನ ಮೇಲೆಯೇ ಅವಳಿಗೆ ಹೆಚ್ಚು ಉರಿ. ಅಷ್ಟು ಅನುಮಾನ ಇದ್ರೆ ಎದ್ದು ಹೋಗು ಅಂದಳು. ಅವನೂ ಎದ್ದು ಹೋದ.

ಗಂಡ ಒಂದು ದಿನ ಖಾಲಿ ಮೇಜಿನ ಎದುರು ಕೂತು, ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅಂದ. ನನಗಿನ್ನೂ ಬಂದಿಲ್ಲ ರೀ, ನೀವು ಅವಸರ ಮಾಡಬೇಡಿ ಅಂದಳು. ತಂಗಿಯ ಹತ್ತಿರ ಹೋಗಿ ತಪ್ಪಾಯ್ತು ಅನ್ನು, ಅಷ್ಟು ಸಾಕು ಅಂತ ಅವನು ಗೋಗರೆದ. ತಪ್ಪಾಯ್ತು ಅನ್ನುವ ಮಾತು ಅವಳ ಹುಟ್ಟಿನಲ್ಲೇ ಇರಲಿಲ್ಲ. ಅವಳ ತಲೆಯಲ್ಲಿ ಓಡುತ್ತಿದ್ದದ್ದೇ ಬೇರೆ. ನಾದಿನಿ ಬಂದು ಎಲ್ಲರೆದುರು ಒಂದು ಹೊತ್ತು ಈ ಮನೆಯಲ್ಲಿ ಉಂಡರೆ ಮುಗಿಯಿತು. ಯಾರ ತಟ್ಟೆಗೆ ಹಿಟ್ಟು ಬಿದ್ದಿತ್ತೋ ಅವಳೇ ಉಂಡ ಮೇಲೆ ಉಳಿದವರದ್ದೇನು? ದೊಡ್ಡಪ್ಪನೂ ಬಂದಾನು. ಎರಡು ಮೇಜೂ ಮತ್ತೆ ತುಂಬಿಯಾವು.

ಹಾಗಂದುಕೊಂಡು ಹೊಸ ಪಾತ್ರೆ ತಂದಳು, ಹೊಸ ಸೌಟು ತಂದಳು. ಅಡುಗೆಮನೆಯಲ್ಲಿದ್ದ ಗೋಧಿಹಿಟ್ಟಿನ ಡಬ್ಬಿಯನ್ನು ಮೆಟ್ಟಿಲ ಹತ್ತಿರ ಇಟ್ಟು ಬಂದಳು. ಅಡುಗೆಕಟ್ಟೆಯ ಕಲ್ಲನ್ನು ಸೋಪು ಹಾಕಿ ಉಜ್ಜಿ, ಒಣಗಿಸಿ, ಮತ್ತೆ ಉಜ್ಜಿದಳು. ಅನ್ನ, ತೆಳ್ಳಗೆ ಬೇಳೆ, ಎರಡು ಬಗೆ ತರಕಾರಿ. ಅಷ್ಟು ಎಚ್ಚರದಿಂದ ಅವಳು ಜನ್ಮದಲ್ಲಿ ಅಡುಗೆ ಮಾಡಿರಲಿಲ್ಲ. ಕ್ಯಾರಿಯರ್‌ಗೆ ತುಂಬಿಸಿಕೊಂಡು ಬಸ್ಸು ಹಿಡಿದು ಲಾಂಡ್ರಿಗೆ ಹೋದಳು.

ಲಾಂಡ್ರಿಯ ಹಿಂಬಾಗಿಲಿನಿಂದ ಹಬೆ ಬರುತ್ತಿತ್ತು, ಸೋಪಿನ ಜೊತೆಗೆ ಸುಟ್ಟ ಹತ್ತಿಯ ವಾಸನೆ. ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ನಾದಿನಿ ಊಟದ ಬಿಡುವಿನಲ್ಲಿ ಒಬ್ಬಳೇ ಕೂತು ತನ್ನ ಡಬ್ಬಿಯಿಂದ ಉಣ್ಣುತ್ತಿದ್ದಳು. ಅತ್ತಿಗೆಯನ್ನು ನೋಡಿ ಎದ್ದು ನಿಂತು ಜಾಗ ಮಾಡಿಕೊಟ್ಟಳು. ಕೆನ್ನೆಗೆ ಮತ್ತೆ ಸ್ವಲ್ಪ ಬಣ್ಣ ಬಂದಿತ್ತು, ಅದನ್ನು ಕಂಡು ಸೌಟಕ್ಕನಿಗೆ ಸಮಾಧಾನವೂ ಆಯಿತು, ಸಿಟ್ಟೂ ಬಂತು. ಬಂದ ಕೆಲಸ ನೇರವಾಗಿ ಹೇಳಿದಳು. ನಿನ್ನಿಂದ ನನ್ನ ಮನೆ ಬರಿದಾಗಿದೆ, ನೀನೇ ತುಂಬಿಸಿಕೊಡು ಅಂದಳು. ಬರುವ ಭಾನುವಾರ ಬಂದು ಎಲ್ಲರ ಮುಂದೆ ಒಂದು ಹೊತ್ತು ಉಣ್ಣು, ಇವತ್ತು ಇದನ್ನು ತಿಂದು ನೋಡು ಅಂತ ಕ್ಯಾರಿಯರ್ ಬಿಚ್ಚಿ ಬೆಂಚಿನ ಮೇಲಿಟ್ಟಳು.

ನಾದಿನಿ ಡಬ್ಬಿಗಳನ್ನು ನೋಡಿದಳು. ಒಂದನ್ನೂ ಮುಟ್ಟಲಿಲ್ಲ.

"ಮನೆಗೆ ಬರ್ತೀನಿ ಅತ್ತಿಗೆ. ಅಣ್ಣನ್ನ ನೋಡ್ಬೇಕು. ಊಟಕ್ಕೆ ಮಾತ್ರ ಕರೀಬೇಡಿ."

"ಇನ್ನೂ ಸಿಟ್ಟೇನು?"

"ಸಿಟ್ಟಿಲ್ಲ. ಹೆದರಿಕೆ."

ಸಿಟ್ಟಾಗಿದ್ದರೆ ಸೌಟಕ್ಕನಿಗೆ ಮದ್ದು ಗೊತ್ತಿತ್ತು, ಇನ್ನೂ ಎರಡರಷ್ಟು ಸಿಟ್ಟು ಮಾಡಿ ಮಣಿಸುತ್ತಿದ್ದಳು. ಹೆದರಿಕೆಗೆ ಏನು ಮಾಡಬೇಕು ಅನ್ನುವುದು ತಿಳಿಯಲಿಲ್ಲ. ಪಾತ್ರೆ ಹೊಸದು ಅಂದಳು. ಸೌಟು ಹೊಸದು, ಹಿಟ್ಟಿನ ಡಬ್ಬಿ ಮನೆಯಿಂದ ಆಚೆ ಹಾಕಿದ್ದೀನಿ ಅಂದಳು. ಹೆತ್ತ ತಾಯಿಯ ಮೇಲೆ ಆಣೆ ಹಾಕಿದಳು. ದನಿ ಏರಿದ್ದು ಕೇಳಿ ಹಿಂಬಾಗಿಲಲ್ಲಿ ನಿಂತಿದ್ದ ಹೆಂಗಸರು ಇತ್ತ ತಿರುಗಿದರು.

"ನೋಡು, ನಿನ್ನೆದುರೇ ತಿಂತೀನಿ. ಆಗಲಾದ್ರೂ ನಂಬ್ತೀಯಾ?"

ಅನ್ನಕ್ಕೆ ಬೇಳೆ ಸುರಿದು ಕಲಸಿ ದೊಡ್ಡ ತುತ್ತೊಂದನ್ನು ಬಾಯಿಗಿಟ್ಟುಕೊಂಡಳು. ನಾದಿನಿ ಅವಳನ್ನೇ ನೋಡುತ್ತಿದ್ದಳು. ಮುಖದಲ್ಲಿ ಹಗೆಯಿರಲಿಲ್ಲ, ಏನೋ ಸುಸ್ತು ಇತ್ತು.

"ನೀವು ತಿಂದು ತೋರಿಸಿದ್ರೆ ನನಗೇನು ಗೊತ್ತಾಗುತ್ತೆ ಅತ್ತಿಗೆ? ಗೋಧಿ ನಿಮಗೇನೂ ಮಾಡಲ್ವಲ್ಲ."

ಒಳಗೆ ಬಿಡುವು ಮುಗಿದ ಗಂಟೆ ಹೊಡೆಯಿತು. ನಾದಿನಿ ತನ್ನ ಡಬ್ಬಿ ಮುಚ್ಚಿಕೊಂಡು, ಹುಷಾರಾಗಿ ಹೋಗಿ ಅತ್ತಿಗೆ ಅಂದು ಹಬೆಯೊಳಗೆ ನಡೆದಳು. ಬೆಂಚಿನ ಮೇಲೆ ನಾಲ್ಕು ಡಬ್ಬಿ ಬಾಯಿ ತೆರೆದುಕೊಂಡು ಕೂತಿದ್ದವು. ಸೌಟಕ್ಕ ಬಾಯಲ್ಲಿದ್ದ ತುತ್ತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕೂತಳು. ಅವಳು ಹೇಳಿದ್ದು ನಿಜವಾಗಿತ್ತು, ಆ ಊಟದಲ್ಲಿ ಒಂದು ಕಣ ಹಿಟ್ಟೂ ಇರಲಿಲ್ಲ. ಅದನ್ನು ನಂಬಿಸಲು ಅವಳ ಹತ್ತಿರ ಅವಳ ಮಾತೊಂದನ್ನು ಬಿಟ್ಟು ಬೇರೇನೂ ಇರಲಿಲ್ಲ.